ಮುಂಭಾಗದ ಯುಎಸ್‌ಬಿ ಪೋರ್ಟ್ ಕೈಕೊಟ್ಟಿದೆಯಾ? ತೊಂದರೆ ಎಲ್ಲಿದೆ ಅಂತ ಹೀಗೆ ಹುಡುಕಿ

ಒಂದೊಂದೇ ಪಾರ್ಟ್ ತಂದು ನೀವೇ ಜೋಡಿಸಿದ ಕಂಪ್ಯೂಟರ್. ಹಿಂಭಾಗದ ಯುಎಸ್‌ಬಿ ಪೋರ್ಟ್‌ಗಳೆಲ್ಲ ಸರಿಯಾಗಿವೆ. ಕ್ಯಾಬಿನೆಟ್‌ನ ಮುಂಭಾಗದ ಪೋರ್ಟಿಗೆ ಪೆನ್‌ಡ್ರೈವ್ ಹಾಕಿದರೆ ಮಾತ್ರ ಏನೂ ಆಗುವುದಿಲ್ಲ. ಇಲ್ಲವೇ ಒಮ್ಮೆ ಕಾಣಿಸುತ್ತದೆ, ಒಮ್ಮೆ ಮಾಯವಾಗುತ್ತದೆ. ಇಂಥ ಹೊತ್ತಲ್ಲಿ ಜಾಸ್ತಿ ಜನ ಮೊದಲು ಡ್ರೈವರ್ ಹುಡುಕಲು ಕೂರುತ್ತಾರೆ. ಅದಾಗದಿದ್ದರೆ ವಿಂಡೋಸನ್ನೇ ಮತ್ತೆ ಹಾಕುತ್ತಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಹಿಂದಿನ ಪೋರ್ಟ್ ಚೆನ್ನಾಗಿದ್ದು ಮುಂದಿನದು ಮಾತ್ರ ಕೆಟ್ಟಿದ್ದರೆ, ತೊಂದರೆ ಕೈಗೆ ಸಿಗುವ ಜಾಗದಲ್ಲೇ ಇರುವ ಸಾಧ್ಯತೆ ಹೆಚ್ಚು. ಒಂದು ತಂತಿ, ಒಂದು ಪಿನ್ನು, ಒಂದು ಸಡಿಲ ಪ್ಲಗ್, ಇಷ್ಟೇ.

ಯಾಕೆ ಅಂತ ನೋಡಿ. ಹಿಂಭಾಗದ ಪೋರ್ಟ್‌ಗಳನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಮುಂಭಾಗದ್ದು ಹಾಗಲ್ಲ. ಅದು ಕ್ಯಾಬಿನೆಟ್‌ನ ಪ್ಲಾಸ್ಟಿಕ್ ಮುಖದ ಹಿಂದೆ ಸ್ಕ್ರೂ ಹಾಕಿ ಕೂರಿಸಿದ ಒಂದು ಪುಟ್ಟ ಬೋರ್ಡಿನಲ್ಲಿರುತ್ತದೆ. ಅಲ್ಲಿಂದ ಒಂದು ಕೇಬಲ್ ಒಳಗೆ ಹೋಗುತ್ತದೆ. ಕೇಬಲ್‌ನ ತುದಿಯ ಪ್ಲಗ್ಗು ಮದರ್‌ಬೋರ್ಡಿನ ಹೆಡರ್ ಮೇಲೆ, ಅಂದರೆ ಸಾಲಾಗಿ ನಿಂತ ಪಿನ್ನುಗಳ ಮೇಲೆ ಕೂರುತ್ತದೆ. ಪೋರ್ಟ್, ಕೇಬಲ್, ಹೆಡರ್. ಈ ಮೂರರಲ್ಲಿ ಯಾವುದು ಅನ್ನುವುದು ಗೊತ್ತಾಗುವವರೆಗೆ ಏನನ್ನೂ ಕೊಳ್ಳಬೇಡಿ.

ಬಿಚ್ಚುವ ಮೊದಲು ಲಕ್ಷಣ ನೋಡಿ

ಒಂದು ಸಾಧನವನ್ನೇ ನಂಬಿ ಪೋರ್ಟ್ ಕೆಟ್ಟಿದೆ ಎಂದು ತೀರ್ಮಾನ ಮಾಡಬೇಡಿ. ಮೂರು ವಸ್ತು ಎತ್ತಿಟ್ಟುಕೊಳ್ಳಿ: ವೈರ್ ಇರುವ ಮೌಸ್, ಯುಎಸ್‌ಬಿ 3.0 ಪೆನ್‌ಡ್ರೈವ್, ಸಾಧ್ಯವಾದರೆ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕ್. ಮೌಸ್ ಕೆಳಗೆ ಕೆಂಪು ಬೆಳಕು ಬರುವ ಹಳೆಯದಾದರೆ ಒಳ್ಳೆಯದು. ಹೊಸ ಮೌಸ್‌ಗಳಲ್ಲಿ ಕೆಲವದರ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಮೂರನ್ನೂ ಮೊದಲು ಹಿಂಭಾಗದ ಪೋರ್ಟಿಗೆ ಹಾಕಿ ಸರಿಯಿವೆ ಅಂತ ಖಾತ್ರಿ ಮಾಡಿಕೊಳ್ಳಿ. ಫೋನ್ ಹಾಕಿ ನೋಡುವವರು ಇನ್ನೂ ಒಂದು ವಿಷಯ ನೆನಪಿಡಿ. ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿಯೇ ಇರುವುದಿಲ್ಲ. ಅಂಥ ಕೇಬಲ್ ಹಾಕಿ ಪೋರ್ಟನ್ನು ಬೈದರೆ ಏನು ಪ್ರಯೋಜನ?

ಈಗ ಮುಂಭಾಗದ ಪೋರ್ಟಿಗೆ ಮೌಸ್ ಹಾಕಿ. ಬೆಳಕೇ ಬರಲಿಲ್ಲ ಅಂದರೆ 5 ವೋಲ್ಟ್ ಕರೆಂಟ್ ಪೋರ್ಟಿನವರೆಗೆ ಬರುತ್ತಿಲ್ಲ. ಹೆಡರ್‌ನಿಂದ ಪ್ಲಗ್ ಕಳಚಿರಬಹುದು, ಕೇಬಲ್‌ನಲ್ಲಿ ಕೆಂಪು ಅಥವಾ ಕಪ್ಪು ತಂತಿ ತುಂಡಾಗಿರಬಹುದು. ಬೆಳಕು ಬಂದು ಪಾಯಿಂಟರ್ ಅಲುಗಾಡದಿದ್ದರೆ ಕರೆಂಟ್ ಇದೆ, ಡೇಟಾ ಇಲ್ಲ. ವಿಂಡೋಸ್ ಆಗ ಸಾಮಾನ್ಯವಾಗಿ 'ಅನ್‌ನೋನ್ ಯುಎಸ್‌ಬಿ ಡಿವೈಸ್, ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್' ಅನ್ನುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಿದರೆ ಕೋಡ್ 43 ಇರುತ್ತದೆ. 'ನೀನು ಯಾರು?' ಅಂತ ಕಂಪ್ಯೂಟರ್ ಕೇಳಿದೆ, ಉತ್ತರ ಸರಿಯಾಗಿ ಬಂದಿಲ್ಲ, ಅಷ್ಟೇ ಅದರ ಅರ್ಥ. ಮೌಸ್ ಬೇರೆ ಪೋರ್ಟಿನಲ್ಲಿ ಚೆನ್ನಾಗಿದ್ದರೆ ಹಸಿರು ಅಥವಾ ಬಿಳಿ ತಂತಿಯ ದಾರಿಯಲ್ಲಿ ಅನುಮಾನ ಪಡಿ.

ಮೌಸ್ ಸರಿಯಿದೆ, 3.0 ಪೆನ್‌ಡ್ರೈವ್ ಕಾಣಿಸುತ್ತದೆ, ಆದರೆ ದೊಡ್ಡ ಫೈಲ್ ಕಾಪಿ ಮಾಡಿದರೆ ಸೆಕೆಂಡಿಗೆ 30-40 ಎಂಬಿ ದಾಟುವುದಿಲ್ಲ. ಹಿಂದಿನ ನೀಲಿ ಪೋರ್ಟಿನಲ್ಲಿ ಅದೇ ಫೈಲ್ ಸರ‍್ರನೆ ಹೋಗುತ್ತದೆ. ಇದು ತುಂಬಾ ಜನರ ಗಮನಕ್ಕೇ ಬಾರದ ತೊಂದರೆ. ಯುಎಸ್‌ಬಿ 3.0 ಟೈಪ್-ಎ ಪೋರ್ಟಿನೊಳಗೆ 9 ಸಂಪರ್ಕಗಳಿರುತ್ತವೆ. 4 ಹಳೆಯ 2.0 ಕೆಲಸಕ್ಕೆ, ಉಳಿದ 5 ವೇಗದ ಕೆಲಸಕ್ಕೆ. ಆ 5ರಲ್ಲಿ ಒಂದು ಕೈಕೊಟ್ಟರೆ ಸಾಧನ ಸುಮ್ನೆ 2.0 ವೇಗಕ್ಕೆ ಇಳಿದುಬಿಡಬಹುದು, ಎಲ್ಲೂ ಎಚ್ಚರಿಕೆ ಬಾರದೇ ಇರಬಹುದು. ಹಾಗಂತ ತಕ್ಷಣ ತೀರ್ಮಾನಕ್ಕೆ ಬರಬೇಡಿ. ಪೆನ್‌ಡ್ರೈವನ್ನು ತೀರಾ ನಿಧಾನವಾಗಿ ಒಳಗೆ ತಳ್ಳಿದಾಗಲೂ ಹೀಗಾಗುವುದುಂಟು, ಯಾಕೆಂದರೆ 2.0 ಸಂಪರ್ಕಗಳು ಮೊದಲು ತಾಗಿ ಮಾತುಕತೆ ಮುಗಿದುಹೋಗಿರುತ್ತದೆ. ಒಮ್ಮೆ ತೆಗೆದು ಚಕ್ಕನೆ ಹಾಕಿ ನೋಡಿ.

ಇನ್ನು ಹಾರ್ಡ್ ಡಿಸ್ಕ್. ಚಿಕ್ಕ ಸಾಧನಗಳೆಲ್ಲ ಓಡುತ್ತವೆ, ಹಾರ್ಡ್ ಡಿಸ್ಕ್ ಮಾತ್ರ ಟಿಕ್ ಟಿಕ್ ಅಂತ ಸದ್ದು ಮಾಡಿ ನಿಲ್ಲುತ್ತದೆ ಅಂದರೆ ಅದಕ್ಕೆ ಸಾಕಷ್ಟು ಕರೆಂಟ್ ಸಿಗುತ್ತಿಲ್ಲ. ಮಾನದಂಡದ ಪ್ರಕಾರ 2.0 ಪೋರ್ಟ್ 500 ಮಿಲಿಆಂಪಿಯರ್ ಕೊಡಬೇಕು, 3.0 ಪೋರ್ಟ್ 900. ಕೇಬಲ್ ತೆಳ್ಳಗಿದ್ದರೆ ಅಥವಾ ಸಂಪರ್ಕ ಸಡಿಲವಿದ್ದರೆ ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತದೆ. ಸದ್ದು ಮಾಡುತ್ತಿರುವ ಡಿಸ್ಕನ್ನು ಮತ್ತೆ ಮತ್ತೆ ಹಾಕಿ ಪರೀಕ್ಷೆ ಮಾಡಬೇಡಿ. ಪೋರ್ಟ್ ಹೋದರೆ ಹೋಗಲಿ, ಒಳಗಿನ ಫೋಟೋಗಳು ಹೋಗಬಾರದು ಅಲ್ವಾ?

ಟೈಪ್-ಸಿ ಪೋರ್ಟ್ ಆದರೆ ಪ್ಲಗ್ಗನ್ನು ತಿರುಗಿಸಿ ಹಾಕಿ. ಒಂದು ಮಗ್ಗುಲಲ್ಲಿ ಓಡಿ ಇನ್ನೊಂದರಲ್ಲಿ ಓಡದಿದ್ದರೆ ಕೇಬಲ್ ಬದಲಿಸಿ ನೋಡಿ. ಆಗಲೂ ಹಾಗೇ ಇದ್ದರೆ ಪೋರ್ಟಿನ ಒಂದು ಬದಿಯ ಸಂಪರ್ಕ ಸವೆದಿದೆ ಅಥವಾ ಬಾಗಿದೆ ಅನ್ನಬಹುದು.

ಪೂರ್ತಿ ಕರೆಂಟ್ ತೆಗೆದು ನೋಡಿ

ಇದು ಅರ್ಧ ನಿಮಿಷದ ಕೆಲಸ, ಬಿಡಬೇಡಿ. ಕಂಪ್ಯೂಟರ್ ಶಟ್‌ಡೌನ್ ಮಾಡಿ. ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆಯ ಹಿಂದಿನ ಸ್ವಿಚ್ ಆಫ್ ಮಾಡಿ, ಗೋಡೆಯ ಪ್ಲಗ್ಗನ್ನೂ ಕೀಳಿ. ಎಲ್ಲಾ ಯುಎಸ್‌ಬಿ ಸಾಧನ ತೆಗೆಯಿರಿ. ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಬರೀ ಶಟ್‌ಡೌನ್ ಸಾಲದು. ಕಂಪ್ಯೂಟರ್ ಆಫ್ ಆಗಿದ್ದರೂ ಎಸ್‌ಎಂಪಿಎಸ್‌ನಿಂದ ಸ್ಟ್ಯಾಂಡ್‌ಬೈ 5 ವೋಲ್ಟ್ ಬರುತ್ತಲೇ ಇರುತ್ತದೆ. ಆಫ್ ಆದ ಮೇಲೂ ಕೆಲವು ಕೀಬೋರ್ಡ್‌ಗಳ ಬೆಳಕು ಉರಿಯುವುದು ಅದರಿಂದಲೇ. ಯುಎಸ್‌ಬಿ ಕಂಟ್ರೋಲರ್, ಅಂದರೆ ಪೋರ್ಟ್‌ಗಳನ್ನು ನಡೆಸುವ ಚಿಪ್, ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಈ ಕ್ರಮದಿಂದ ಬಿಡಿಸಿಕೊಳ್ಳುತ್ತದೆ. ಜಾಸ್ತಿ ಕರೆಂಟ್ ಹರಿದು ಬೋರ್ಡಿನ ಪಾಲಿಫ್ಯೂಸ್ ಬಿಸಿಯಾಗಿ ದಾರಿ ಮುಚ್ಚಿದ್ದರೆ, ತಣ್ಣಗಾದ ಮೇಲೆ ಅದೂ ತಾನೇ ತೆರೆದುಕೊಳ್ಳುತ್ತದೆ.

ಟಾರ್ಚ್ ಹಿಡಿದು ಪೋರ್ಟಿನೊಳಗೆ ಇಣುಕಿ

ಪ್ಲಗ್ ಕಿತ್ತಿರುವಾಗಲೇ ಇದನ್ನೂ ಮಾಡಿ. ಪೋರ್ಟಿನ ನೇರಕ್ಕೆ ಕಣ್ಣಿಟ್ಟು ಬೆಳಕು ಬಿಡಿ. ಒಳಗೆ ಒಂದು ಪ್ಲಾಸ್ಟಿಕ್ ನಾಲಿಗೆ ಕಾಣುತ್ತದೆ. ಸಾಮಾನ್ಯವಾಗಿ 2.0ಕ್ಕೆ ಕಪ್ಪು ಅಥವಾ ಬಿಳಿ, 3.0ಕ್ಕೆ ನೀಲಿ. ಅದರ ಒಂದು ಮೈಯಲ್ಲಿ ನಾಲ್ಕು ಚಿನ್ನದ ಬಣ್ಣದ ಪಟ್ಟಿಗಳು ಸಮನಾಗಿ, ಒಂದಕ್ಕೊಂದು ತಾಗದೆ ಇರಬೇಕು. ಒಂದು ಪಟ್ಟಿ ಒಳಕ್ಕೆ ಕುಸಿದಿದೆಯಾ? ಒಂದು ಎದ್ದು ಪಕ್ಕದ್ದಕ್ಕೆ ಒರಗಿದೆಯಾ? ನಾಲಿಗೆಯೇ ಮುರಿದು ವಾಲಿದೆಯಾ? ಪೆನ್‌ಡ್ರೈವ್ ಚುಚ್ಚಿಕೊಂಡಿರುವಾಗ ಯಾರದೋ ಮೊಣಕಾಲು ತಾಗಿದರೆ ಹೀಗಾಗುತ್ತದೆ. ಕ್ಯಾಬಿನೆಟ್ ನೆಲದ ಮೇಲಿದ್ದರಂತೂ ಕೇಳುವುದೇ ಬೇಡ.

ಧೂಳು, ಬಟ್ಟೆಯ ನೂಲು ತುಂಬಿದ್ದರೆ ಗಾಳಿಯ ಡಬ್ಬಿಯಿಂದ ಊದಿ. ಗಟ್ಟಿಯಾಗಿ ಕೂತಿದ್ದರೆ ಮರದ ಹಲ್ಲುಕಡ್ಡಿ ಸಾಕು. ಸೂಜಿ, ಪಿನ್ನು ಬೇಡ. ಹಸಿರು ಕಿಲುಬು ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪ ಹತ್ತಿಯ ಕಡ್ಡಿಗೆ ಹಾಕಿ ಒರೆಸಿ, ಪೂರ್ತಿ ಒಣಗಲು ಬಿಡಿ.

ನಾಲಿಗೆ ಮುರಿದು ಪಟ್ಟಿಗಳು ಒಂದಕ್ಕೊಂದು ತಾಗಿದ್ದರೆ ಅಲ್ಲಿಗೇ ನಿಲ್ಲಿ, ಆ ಪೋರ್ಟಿಗೆ ಇನ್ನೇನನ್ನೂ ಹಾಕಬೇಡಿ. 5 ವೋಲ್ಟ್ ಮತ್ತು ಗ್ರೌಂಡ್ ಕೂಡಿದರೆ ವಿಂಡೋಸ್ 'ಪವರ್ ಸರ್ಜ್ ಆನ್ ದ ಯುಎಸ್‌ಬಿ ಪೋರ್ಟ್' ಅಂತ ದೂರುತ್ತದೆ. ಕೆಲವು ಮದರ್‌ಬೋರ್ಡ್‌ಗಳು ಅಷ್ಟಕ್ಕೂ ಕಾಯದೆ, ಆನ್ ಆಗುವಾಗಲೇ ಓವರ್ ಕರೆಂಟ್ ಎಂದು ಎಚ್ಚರಿಸಿ ಕೆಲವೇ ಸೆಕೆಂಡಿನಲ್ಲಿ ತಾವಾಗಿ ಆಫ್ ಆಗುತ್ತವೆ. ಎಸ್‌ಎಂಪಿಎಸ್ ಹೋಯಿತು, ಬೋರ್ಡೇ ಹೋಯಿತು ಅಂತ ಗಾಬರಿಯಾಗುವ ಮೊದಲು ಮುಂಭಾಗದ ಯುಎಸ್‌ಬಿ ಪ್ಲಗ್ಗುಗಳನ್ನು ಹೆಡರ್‌ನಿಂದ ತೆಗೆದು ಮತ್ತೆ ಆನ್ ಮಾಡಿ. ಸರಿಯಾಗಿ ಬೂಟ್ ಆದರೆ ಕಳ್ಳ ಸಿಕ್ಕಿದ ಹಾಗೇ.

ಕ್ಯಾಬಿನೆಟ್ ಬಿಚ್ಚಿ ಹೆಡರ್ ನೋಡಿ

ಪ್ಲಗ್ ಕಿತ್ತೇ ಇರಲಿ. ಪಕ್ಕದ ಬಾಗಿಲು ತೆಗೆದು, ಬಣ್ಣ ಹಚ್ಚಿರದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಮೈಮೇಲಿನ ಸ್ಥಿರ ವಿದ್ಯುತ್ ಇಳಿಯುತ್ತದೆ. ಕೈ ಹಾಕುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಆಮೇಲೆ ಯಾವ ಪ್ಲಗ್ ಎಲ್ಲಿತ್ತು ಅಂತ ತಲೆ ಕೆರೆದುಕೊಳ್ಳಬೇಕಾಗಿಲ್ಲ.

2.0 ಹೆಡರ್ ಚಿಕ್ಕದು: ಎರಡು ಸಾಲು, ಒಟ್ಟು 9 ಪಿನ್, ಒಂದು ಮೂಲೆ ಖಾಲಿ. ಪಕ್ಕದಲ್ಲಿ ಎಫ್_ಯುಎಸ್‌ಬಿ, ಜೆಯುಎಸ್‌ಬಿ ಅಥವಾ ಬರೀ ಯುಎಸ್‌ಬಿ ಅಂತ ಅಚ್ಚಾಗಿರುತ್ತದೆ. ಅಚ್ಚನ್ನು ಓದದೆ ಆಕಾರ ನೋಡಿ ಹಾಕಬೇಡಿ, ಇಲ್ಲೇ ದೊಡ್ಡ ಅಪಾಯ ಇರುವುದು. ಮುಂಭಾಗದ ಆಡಿಯೋ ಹೆಡರ್ ಹೆಚ್ಚುಕಡಿಮೆ ಇದೇ ಥರ ಇರುತ್ತದೆ, ಖಾಲಿ ಜಾಗ ಮಾತ್ರ ಮೂಲೆಯಲ್ಲಿ ಇರುವುದಿಲ್ಲ. ಕಾಮ್ ಪೋರ್ಟಿನ (ಹಳೆಯ ಸೀರಿಯಲ್ ಪೋರ್ಟ್) ಹೆಡರ್ ಕೂಡ ನೋಡಲು ಯುಎಸ್‌ಬಿ ಹೆಡರ್ ಥರವೇ. ಹಳೆ ಬೋರ್ಡ್‌ಗಳಲ್ಲಿ ಫೈರ್‌ವೈರ್ (ಹಳೆಯ ಕಾಲದ ಇನ್ನೊಂದು ಬಗೆಯ ಪೋರ್ಟ್) ಹೆಡರ್ ಇದ್ದರೆ ಇನ್ನೂ ಹುಷಾರು, ಅದರಲ್ಲಿ 12 ವೋಲ್ಟ್ ಬರಬಹುದು. ಯುಎಸ್‌ಬಿ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿದರೆ ಮುಂದೆ ಹಾಕಿದ ಪೆನ್‌ಡ್ರೈವ್ ಸುಟ್ಟೇ ಹೋಗುತ್ತದೆ.

ಈ 9 ಪಿನ್ನಿನ ಹೆಡರ್‌ನಲ್ಲಿ ಒಂದು ಉಪಯೋಗದ ಗುಟ್ಟಿದೆ. ಒಂದು ಸಾಲು ಒಂದು ಪೋರ್ಟಿಗೆ, ಇನ್ನೊಂದು ಸಾಲು ಇನ್ನೊಂದು ಪೋರ್ಟಿಗೆ. ಪ್ರತಿ ಸಾಲಿನಲ್ಲೂ ಕ್ರಮ ಒಂದೇ: 5 ವೋಲ್ಟ್, ಡೇಟಾ ಮೈನಸ್, ಡೇಟಾ ಪ್ಲಸ್, ಗ್ರೌಂಡ್. ಹಾಗಾಗಿ ಎರಡು ಪೋರ್ಟಿನಲ್ಲಿ ಒಂದು ಮಾತ್ರ ಸತ್ತಿದ್ದರೆ ಇಡೀ ಪ್ಲಗ್ ಕಳಚಿರುವುದು ಅನುಮಾನ. ಒಂದು ಸಾಲಿನ ಪಿನ್, ಅದರ ತಂತಿ ಅಥವಾ ಆ ಪೋರ್ಟನ್ನೇ ನೋಡಿ. ಎರಡೂ ಒಟ್ಟಿಗೆ ಸತ್ತಿದ್ದರೆ ಮೊದಲು ಪ್ಲಗ್ ಕಡೆ ಕೈ ಹಾಕಿ. ಹಳೆ ಕ್ಯಾಬಿನೆಟ್‌ಗಳಲ್ಲಿ ಒಂದೇ ಪ್ಲಗ್ ಬದಲು ಒಂಟಿ ಒಂಟಿ ತಂತಿಗಳಿರುತ್ತವೆ. ಅವುಗಳನ್ನು ಇದೇ ಕ್ರಮದಲ್ಲಿ, ಮದರ್‌ಬೋರ್ಡಿನ ಕೈಪಿಡಿಯ ಚಿತ್ರ ಪಕ್ಕದಲ್ಲಿಟ್ಟುಕೊಂಡೇ ಹಾಕಿ.

3.0 ಹೆಡರ್ ದೊಡ್ಡದು, ಸುತ್ತ ಪ್ಲಾಸ್ಟಿಕ್ ಗೋಡೆಯಿದ್ದು ಒಳಗೆ 19 ಪಿನ್ ಇರುತ್ತವೆ. ಇದರ ಕೇಬಲ್ ದಪ್ಪ, ಬಾಗುವುದಿಲ್ಲ. ಪ್ಲಗ್ಗೋ ಬಿಗಿ. ಕಂಪ್ಯೂಟರಿನೊಳಗಿನ ಕನೆಕ್ಟರ್‌ಗಳಲ್ಲಿ ನನಗೆ ತೀರಾ ಸಿಟ್ಟು ಬರಿಸುವುದು ಇದೇ. ಓರೆಯಾಗಿ ಒತ್ತಿದರೆ ಪಿನ್ ಮಲಗುತ್ತದೆ. ಜೋರಾಗಿ ಎಳೆದರೆ ಪ್ಲಾಸ್ಟಿಕ್ ಗೋಡೆಯೇ ಪ್ಲಗ್ಗಿನ ಜೊತೆ ಕಿತ್ತು ಬರುತ್ತದೆ. ಆದ್ದರಿಂದ ಒಂದು ಕೈಯಲ್ಲಿ ಗೋಡೆಯನ್ನು ಬೋರ್ಡಿಗೆ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಪ್ಲಗ್ಗಿನ ಮೈ ಹಿಡಿದು ನೇರ ಮೇಲಕ್ಕೆ, ಉದ್ದಕ್ಕೆ ಸ್ವಲ್ಪ ಸ್ವಲ್ಪ ಅಲುಗಿಸುತ್ತಾ ತೆಗೆಯಿರಿ. ತಂತಿ ಹಿಡಿದು ಎಳೆಯಬೇಡಿ.

ಪ್ಲಗ್ ಬಂದ ಮೇಲೆ ಪಿನ್ನುಗಳನ್ನು ಮೇಲಿನಿಂದಲ್ಲ, ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಎಲ್ಲಾ ತುದಿಗಳೂ ಒಂದೇ ಗೆರೆಯಲ್ಲಿ ನಿಂತಿರಬೇಕು. ಸಾಲಿನಲ್ಲಿ ಒಂದು ತುದಿ ಕಾಣದಿದ್ದರೆ ಅದು ಗೋಡೆಯ ಕಡೆಗೆ ಮಲಗಿದೆ ಅಂತಲೇ ಲೆಕ್ಕ. ಅದನ್ನು ನಿಲ್ಲಿಸಲು ಸೀಸದ ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ ಚೆನ್ನಾಗಿ ಒದಗುತ್ತದೆ. ಅದರ ಲೋಹದ ಮೂತಿಯನ್ನು ಪಿನ್ನಿನ ಮೇಲೆ ತೊಡಿಸಿ, ನಿಧಾನವಾಗಿ ಎತ್ತಿ. ಮೂತಿಯ ತೂತು ಸಣ್ಣದಾದರೆ ತೆಳು ಚಿಮುಟ ಬಳಸಿ. ಒಂದೇ ಸಲಕ್ಕೆ ನೆಟ್ಟಗಾಗಬೇಕು. ಹಿಂದೆ ಮುಂದೆ ಬಾಗಿಸುತ್ತಾ ಕೂತರೆ ಪಿನ್ ಮುರಿದೇ ಹೋಗುತ್ತದೆ. ಮುರಿದರೆ ಆ ಹೆಡರ್‌ನಲ್ಲಿ ಆ ಪೋರ್ಟಿನ ಕಥೆ ಮುಗಿಯಿತು. ಬೆಸುಗೆ ಕೆಲಸ ಚೆನ್ನಾಗಿ ಬರುವವರಿಗೆ ಮಾತ್ರ ಅದನ್ನು ಬದಲಿಸುವ ಮಾತು.

ಮತ್ತೆ ಹಾಕುವಾಗ ಪ್ಲಗ್ಗಿನ ಉಬ್ಬು ಹೆಡರ್‌ನ ಕಚ್ಚಿಗೆ ಎದುರಾಗಿದೆಯಾ ಅಂತ ನೋಡಿ, ಎರಡೂ ತುದಿಗೆ ಸಮ ಒತ್ತಡ ಕೊಟ್ಟು ಇಳಿಸಿ. ಪೂರ್ತಿ ಕೂತ ಮೇಲೆ ಕೇಬಲ್ ತನ್ನ ಗಟ್ಟಿತನದಿಂದಲೇ ಅದನ್ನು ಒಂದು ಕಡೆ ಎತ್ತುತ್ತಿರಬಹುದು. ಹಾಗಿದ್ದರೆ ಕೇಬಲ್‌ನ ದಾರಿ ಬದಲಿಸಿ ಸ್ವಲ್ಪ ಸಡಿಲ ಬಿಡಿ, ಹತ್ತಿರದಲ್ಲೇ ಒಂದು ಕೇಬಲ್ ಟೈ ಹಾಕಿ. ಬಂದು ಹೋಗಿ ಮಾಡುವ ಪೋರ್ಟ್‌ಗಳು ಇಷ್ಟರಲ್ಲೇ ಸರಿಹೋಗುವುದುಂಟು. ಮುಂಭಾಗದ ಟೈಪ್-ಸಿಗೆ ಪ್ರತ್ಯೇಕ ಚಿಕ್ಕ ಹೆಡರ್ ಇರುತ್ತದೆ. ಬೋರ್ಡಿನಲ್ಲಿ ಅದೇ ಇಲ್ಲದಿದ್ದರೆ ಪೋರ್ಟ್ ಎಂದೂ ಓಡಿರಲಿಕ್ಕಿಲ್ಲ, ಕೆಟ್ಟಿರುವ ಪ್ರಶ್ನೆಯೇ ಇಲ್ಲ.

ಬೋರ್ಡೋ, ಕ್ಯಾಬಿನೆಟ್ಟೋ?

ಇಷ್ಟಾದರೂ ಓಡದಿದ್ದರೆ ಅದಲು ಬದಲು ಮಾಡಿ ನೋಡಬೇಕು. ಬಹಳಷ್ಟು ಬೋರ್ಡ್‌ಗಳಲ್ಲಿ 2.0 ಹೆಡರ್ ಎರಡಿರುತ್ತವೆ. ಒಂದಕ್ಕೆ ಆರ್‌ಜಿಬಿ ಕಂಟ್ರೋಲರೋ ಲಿಕ್ವಿಡ್ ಕೂಲರೋ ಕೂತಿರಬಹುದು. ಎರಡೂ ಪ್ಲಗ್ಗುಗಳನ್ನು ಸ್ಥಳ ಬದಲಿಸಿ. ತೊಂದರೆ ಪೋರ್ಟಿನ ಜೊತೆಗೇ ಹೋದರೆ ತಪ್ಪು ಕ್ಯಾಬಿನೆಟ್ ಕಡೆ. ತೊಂದರೆ ಹೆಡರ್‌ನಲ್ಲೇ ಉಳಿದರೆ ಬೋರ್ಡ್ ಕಡೆ. ಒಂದೇ ಹೆಡರ್ ಇದ್ದರೆ ಯಾರಿಂದಾದರೂ ಹಿಂಬದಿ ಬ್ರಾಕೆಟ್ ಪೋರ್ಟ್ (ಲೋಹದ ಪಟ್ಟಿಯಲ್ಲಿ ಕೂರಿಸಿದ, ಕೇಬಲ್ ಇರುವ ಯುಎಸ್‌ಬಿ ಪೋರ್ಟ್) ಎರವಲು ತಂದು ಅದೇ ಹೆಡರ್‌ಗೆ ಹಾಕಿ ನೋಡಿ. ಅಂದಹಾಗೆ, ಒಂದು ಹೆಡರನ್ನು ಎರಡು ಮಾಡುವ ಬರೀ ತಂತಿಯ ಸ್ಪ್ಲಿಟರ್ ಇದ್ದರೆ ತೆಗೆದುಹಾಕಿ. ಒಂದು ಪೋರ್ಟಿನ ಡೇಟಾ ತಂತಿಯನ್ನು ಎರಡು ಸಾಧನಗಳು ಹಾಗೇ ಹಂಚಿಕೊಳ್ಳಲು ಬರುವುದಿಲ್ಲ. ಅಲ್ಲಿ ಹಬ್ ಚಿಪ್ ಇರುವ ಪೆಟ್ಟಿಗೆಯೇ ಬೇಕು.

ಮಲ್ಟಿಮೀಟರ್ ಇದ್ದವರು ಕೇಬಲನ್ನೂ ಪರೀಕ್ಷೆ ಮಾಡಬಹುದು. ಪೋರ್ಟಿನೊಳಗೆ ಮೀಟರಿನ ಕಡ್ಡಿ ತೂರಿಸುವುದು ಕಷ್ಟ, ಶಾರ್ಟ್ ಆಗುವ ಭಯ ಬೇರೆ. ಬದಲಿಗೆ ಹಾಳಾದ ಒಂದು ಯುಎಸ್‌ಬಿ ಕೇಬಲ್ ಕತ್ತರಿಸಿ, ಒಳಗಿನ ನಾಲ್ಕು ತಂತಿಗಳ ತುದಿ ಸುಲಿಯಿರಿ. ಸಾಮಾನ್ಯವಾಗಿ ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಬಿಳಿ ಡೇಟಾ ಮೈನಸ್, ಹಸಿರು ಡೇಟಾ ಪ್ಲಸ್. ಅಗ್ಗದ ಕೇಬಲ್‌ಗಳು ಈ ಬಣ್ಣ ಪಾಲಿಸುತ್ತವೆ ಅಂತ ಇಲ್ಲ, ಮೊದಲು ಅದನ್ನೇ ಒಮ್ಮೆ ಪರೀಕ್ಷಿಸಿ. ಹೆಡರ್ ಪ್ಲಗ್ ಕಳಚಿರುವಾಗಲೇ ಈ ಕೇಬಲನ್ನು ಮುಂಭಾಗದ ಪೋರ್ಟಿಗೆ ಹಾಕಿ, ಮೀಟರನ್ನು ಬೀಪ್ ಬರುವ ಕಂಟಿನ್ಯುಟಿಗೆ ಇಡಿ. ಹೆಡರ್ ಪ್ಲಗ್ಗಿನ ಒಂದೊಂದು ತೂತಿಗೂ ಅದಕ್ಕೆ ಸೇರಿದ ತಂತಿಗೂ ಬೀಪ್ ಬರಬೇಕು. ಮೀಟರ್ ಹಿಡಿದಿರುವಾಗ ಕೇಬಲನ್ನು ಅಲ್ಲಲ್ಲಿ ಬಾಗಿಸಿ. ಬೀಪ್ ತಡವರಿಸಿದ ಜಾಗದಲ್ಲೇ ತಂತಿ ಒಳಗೆ ಮುರಿದಿದೆ. ಕೆಂಪಿಗೂ ಕಪ್ಪಿಗೂ ನಡುವೆ ಬೀಪ್ ಬರಲೇಬಾರದು. ಬಂದರೆ ಶಾರ್ಟ್.

ಕಂಪ್ಯೂಟರ್ ಓಡುತ್ತಿರುವಾಗ ಹೆಡರ್ ಪಿನ್ನುಗಳಿಗೆ ಮೀಟರ್ ಇಟ್ಟು ವೋಲ್ಟೇಜ್ ಅಳೆಯಿರಿ ಅಂತ ಹೇಳುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ. ಕಡ್ಡಿ ಜಾರಿ 5 ವೋಲ್ಟ್ ಪಿನ್ ಪಕ್ಕದ ಡೇಟಾ ಪಿನ್ನಿಗೆ ತಾಗಿದರೆ ಸರಿಯಿದ್ದ ಕಂಟ್ರೋಲರೂ ಹೋಗಬಹುದು. ಪೋರ್ಟಿಗೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಮೀಟರ್ ಸಿಕ್ಕರೆ ಅದರಲ್ಲೇ ನೋಡಿ. 4.75ರಿಂದ 5.25 ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ಸಾಧನ ಹಾಕಿದ ಕೂಡಲೇ ದಡಕ್ಕನೆ ಕೆಳಗಿಳಿದರೆ ದಾರಿಯಲ್ಲಿ ಎಲ್ಲೋ ಸಂಪರ್ಕ ಸೊರಗಿದೆ.

ಸಾಫ್ಟ್‌ವೇರ್ ಸರದಿ

ಬೋರ್ಡ್ ಕಡೆ ಬೆರಳು ತೋರಿಸುತ್ತಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಬಯೋಸ್‌ನ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ಯುಎಸ್‌ಬಿ ಕಾನ್ಫಿಗರೇಶನ್‌ನಲ್ಲಿ ಕೆಲವು ಬೋರ್ಡ್‌ಗಳು ಒಂದೊಂದು ಪೋರ್ಟನ್ನೂ ಬೇರೆ ಬೇರೆಯಾಗಿ ಬಂದ್ ಮಾಡಲು ಬಿಡುತ್ತವೆ. ಅಲ್ಲಿ ಡಿಸೇಬಲ್ಡ್ ಆಗಿದೆಯಾ ನೋಡಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ ಕರೆಂಟ್ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತು ತೆಗೆಯಿರಿ. ನಿದ್ದೆಯಿಂದ ಎದ್ದ ಮೇಲೆ ಮಾತ್ರ ಪೋರ್ಟ್ ಸಾಯುತ್ತಿದ್ದರೆ ಇದು ಕೆಲಸ ಮಾಡಬಹುದು. ಚಿಪ್‌ಸೆಟ್ ಡ್ರೈವರನ್ನು ಬೋರ್ಡ್ ತಯಾರಕರ ಪುಟದಿಂದಲೇ ಹಾಕಿ. ಬಯೋಸ್‌ನಲ್ಲೇ ಆ ಪೋರ್ಟಿಗೆ ಹಾಕಿದ ಕೀಬೋರ್ಡ್ ಓಡುತ್ತಿಲ್ಲ ಅಂದರೆ ವಿಂಡೋಸ್ ತಂಟೆಗೆ ಹೋಗಲೇಬೇಡಿ. ಈ ಒಂದು ಪರೀಕ್ಷೆ ಎಷ್ಟೋ ಗಂಟೆ ಉಳಿಸುತ್ತದೆ.

ಪೋರ್ಟಿನದೇ ತಪ್ಪು ಅನ್ನಿಸುವ ಒಂದು ಸಂದರ್ಭ ಇದೆ, ನಿಜಕ್ಕೂ ತಪ್ಪು ಅದರದ್ದಲ್ಲ. ವೈರ್‌ಲೆಸ್ ಮೌಸ್‌ನ ಪುಟ್ಟ ಡಾಂಗಲ್ ಮುಂಭಾಗದ 3.0 ಪೋರ್ಟಿನಲ್ಲಿದೆ. ಪಕ್ಕದಲ್ಲಿ ಹಾರ್ಡ್ ಡಿಸ್ಕ್ ಕಾಪಿ ಶುರುವಾದ ಕೂಡಲೇ ಪಾಯಿಂಟರ್ ಕುಂಟುತ್ತದೆ. 3.0 ಸಂಪರ್ಕ ಹೊರಗೆ ಚೆಲ್ಲುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಗೂ ಬೀಳುತ್ತದೆ. ಇಂಟೆಲ್ ಈ ಬಗ್ಗೆ 2012ರಲ್ಲೇ ಬರೆದಿದೆ. ಡಾಂಗಲನ್ನು 2.0 ಪೋರ್ಟಿಗೆ ಹಾಕಿ ಅಥವಾ ಚಿಕ್ಕ ಎಕ್ಸ್‌ಟೆನ್ಶನ್ ಕೇಬಲ್‌ನಿಂದ ಸ್ವಲ್ಪ ದೂರ ಇಡಿ, ಸಾಕು.

ಏನು ಬದಲಿಸಬೇಕು

ತಪ್ಪು ಪೋರ್ಟ್ ಅಥವಾ ಕೇಬಲ್‌ನದಾದರೆ ಕ್ಯಾಬಿನೆಟ್ ತಯಾರಕರಲ್ಲಿ ಮುಂಭಾಗದ ಪೋರ್ಟಿನ ಬೋರ್ಡನ್ನು ಬಿಡಿಯಾಗಿ ಕೇಳಿ. ಮಾದರಿಯ ಪೂರ್ತಿ ಹೆಸರು ಬೇಕಾಗುತ್ತದೆ. ಅದು ಎರಡು ಮೂರು ಸ್ಕ್ರೂನಲ್ಲಿ ಕೂತಿರುತ್ತದೆ, ಕೇಬಲ್ ಸಮೇತ ಬರುತ್ತದೆ. ಸಿಗದಿದ್ದರೆ, ಹಳೆ ಡಿವಿಡಿ ಡ್ರೈವ್ ಜಾಗ ಖಾಲಿಯಿದ್ದರೆ, ಅಲ್ಲಿ ಕೂರುವ 5.25 ಇಂಚಿನ ಯುಎಸ್‌ಬಿ ಪ್ಯಾನೆಲ್ ಹಾಕಬಹುದು. ಬೋರ್ಡಿನ ಹೆಡರ್ ಹೋಗಿದ್ದರೆ, 19 ಪಿನ್ನಿನ ಹೆಡರ್ ಇರುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡನ್ನು ಮದರ್‌ಬೋರ್ಡಿನ ಸ್ಲಾಟಿಗೆ ಹಾಕಿ ಕ್ಯಾಬಿನೆಟ್‌ನ ಕೇಬಲನ್ನು ಅದಕ್ಕೆ ಕೊಡಿ. 19 ಪಿನ್ನಿನ ಪ್ಲಗ್ಗನ್ನು 9 ಪಿನ್ನಿನ ಹೆಡರ್‌ಗೆ ಕೂರಿಸುವ ಅಡಾಪ್ಟರ್ ಕೂಡ ಸಿಗುತ್ತದೆ, ಆದರೆ ಅದರಲ್ಲಿ ಸಿಗುವುದು 2.0 ವೇಗ ಮಾತ್ರ. ಮೌಸ್, ಕೀಬೋರ್ಡ್, ಪ್ರಿಂಟರ್‌ಗೆ ಅಷ್ಟು ಧಾರಾಳ ಸಾಕು. ಇದ್ಯಾವುದೂ ಬೇಡ ಅನ್ನಿಸಿದರೆ ಹಿಂಭಾಗದ ಪೋರ್ಟಿನಿಂದ ಒಂದು ಹಬ್ ಎಳೆದು ಮೇಜಿನ ಮೇಲೆ ಅಂಟಿಸಿ. ನೋಡಲು ಅಷ್ಟು ಚೆಂದವಲ್ಲ, ಆದರೆ ಬಗ್ಗಿ ಬಗ್ಗಿ ಹುಡುಕುವ ಕಾಟ ತಪ್ಪುತ್ತದೆ.

ಹಾಗೆ ಮಾಡುವುದಾದರೆ, ನಾಲಿಗೆ ಮುರಿದ ಹಳೆ ಪೋರ್ಟಿನ ಪ್ಲಗ್ಗನ್ನು ಹೆಡರ್‌ನಿಂದ ತೆಗೆದು ಕೇಬಲ್ ಟೈ ಹಾಕಿ ಪಕ್ಕಕ್ಕಿಡಿ. ಹೆಡರ್‌ನಲ್ಲೇ ಬಿಟ್ಟರೆ, ಬಳಸದೇ ಇದ್ದರೂ ಅದರೊಳಗೆ ಕರೆಂಟ್ ಇದ್ದೇ ಇರುತ್ತದೆ.